ರಸಿಕನ ಆತ್ಮಕಥೆ, ಸಂಜೆ ನಾಲ್ಕರಿಂದ ಆರು

ಮಾರ್ಚ್ ೩, ಸೋಮವಾರ

ಈ ನೋಟ್‌ಬುಕ್ ಕೊಟ್ಟವರು ನನ್ನ ಹೆಂಡತಿ ಇರುವ ಆಸ್ಪತ್ರೆಯ ಮಾತಿನ ಡಾಕ್ಟರಮ್ಮ. ಲಕ್ವ ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಕಲಿಸುವುದು ಅವರ ಕೆಲಸ. "ನಿಮ್ಮ ಮನೆಯವರು ದಿನಾ ಏನು ಹೇಳಿದ್ರು, ಅದರಿಂದ ನಿಮಗೆ ಏನು ಅರ್ಥ ಆಯ್ತು, ಎರಡೆರಡು ಸಾಲು ಬರೀತಾ ಹೋಗಿ ಸರ್" ಎಂದರು. ಅವರಿಗೆ ಕೊಡುವ ಸಾಲುಗಳನ್ನು ಬೇರೆ ಚೀಟಿಯಲ್ಲಿ ಬರೆಯುತ್ತೇನೆ. ಇವತ್ತಿನದು:

ಹೇಳಿದ್ದು: ಸಾಕು.
ಅರ್ಥವಾದದ್ದು: ಗೊತ್ತಿಲ್ಲ.

ಬೆಳಿಗ್ಗೆ ಜವಳಿ ಅಂಗಡಿಯ ಲಿಫ್ಟು ರಿಪೇರಿ. ಬಾಗಿಲಿನ ಗಾಲಿ ಸವೆದಿತ್ತು, ಬದಲಿಸಿದೆ. ಮಧ್ಯಾಹ್ನ ಆರು ಮಹಡಿಯ ಕಚೇರಿ. ಅಲ್ಲಿ ಒಬ್ಬ ಮನುಷ್ಯ ಎರಡನೇ ಮಹಡಿಗೂ ಮೂರನೆಯದಕ್ಕೂ ನಡುವೆ ಸಿಕ್ಕಿಕೊಂಡು ಇಪ್ಪತ್ತು ನಿಮಿಷ ಕೂಗಿದ. ನಾನು ಮೇಲೆ ಮೋಟಾರು ಕೋಣೆಯಲ್ಲಿದ್ದೆ, ಉತ್ತರ ಕೊಡಲಿಲ್ಲ. ಹೊರಗೆ ಬಂದವನೇ "ಇದ್ದೀನಿ ಅಂತ ಒಂದು ಮಾತಾದ್ರೂ ಹೇಳಬಾರದೇನ್ರೀ?" ಎಂದು ರೇಗಿದ. ಮಾತಾಡಿದರೆ ಲಿಫ್ಟು ಬೇಗ ಇಳಿಯುತ್ತದೆಯೇ?

ಮಾರ್ಚ್ ೪, ಮಂಗಳವಾರ

ಹೇಳಿದ್ದು: ಸಾಕು.

ನೀರು ಕೊಟ್ಟರೂ ಸಾಕು, ಕೊಡದಿದ್ದರೂ ಸಾಕು. ದಾದಿ ತಲೆ ಬಾಚಿದರೂ ಅದೇ, ಕಿಟಕಿ ಹಾಕಿದರೂ ಅದೇ. "ಅದೊಂದು ಪದ ನಾಲಿಗೆ ಮೇಲೆ ಉಳ್ಕೊಂಡಿದೆ ಅಷ್ಟೇ. ಅದಕ್ಕೆ ಅದೇ ಅರ್ಥ ಅಂತ ತಿಳ್ಕೋಬೇಡಿ. ಪದ ಬಿಡಿ, ದನಿ ಕೇಳಿ" ಎಂದರು ಡಾಕ್ಟರಮ್ಮ. ನಾನು ತಲೆಯಾಡಿಸಿದೆ.

ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಫೆಬ್ರವರಿ ಎಂಟನೇ ತಾರೀಖು ನನ್ನ ಹೆಂಡತಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು ಕೊನೆಯದಾಗಿ ಹೇಳಿದ ಪದವೂ ಅದೇ. ಅವಳು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ ಮಾಡುವವಳು. "ದಿನಕ್ಕೆ ಸಾವಿರ ಜನ ನನ್ನನ್ನ ಪ್ರಶ್ನೆ ಕೇಳ್ತಾರೆ. ಇಪ್ಪತ್ತಾರು ವರ್ಷದಲ್ಲಿ ನೀವು ಒಂದೇ ಒಂದು ಕೇಳಿಲ್ಲ. ಊಟ ಆಯ್ತಾ ಅಂತಾನೂ ಕೇಳಿಲ್ಲ" ಎಂದಳು. ಏನು ಹೇಳುವುದೆಂದು ಹುಡುಕುತ್ತಿದ್ದೆ. "ಸಾಕು" ಎಂದು ಅಕ್ಕನ ಮನೆಗೆ ಹೊರಟುಹೋದಳು. ಹನ್ನೊಂದನೇ ದಿನ ಆ ಮನೆಯ ಬಚ್ಚಲಲ್ಲಿ ಕುಸಿದಳಂತೆ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು.

ಅತ್ತಿಗೆಗೆ, ಅಂದರೆ ಅವಳ ಅಕ್ಕನಿಗೆ, ಹೊಲಿಗೆ ಶಾಲೆಯಿದೆ. ಸಂಜೆ ನಾಲ್ಕರಿಂದ ಆರು ತರಗತಿ. ಆ ಎರಡು ಗಂಟೆ ಆಸ್ಪತ್ರೆಯಲ್ಲಿ ಕೂರುವುದಕ್ಕೆ ಬೇರೆ ಯಾರೂ ಇಲ್ಲ. "ಗತಿಯಿಲ್ಲದೆ ನಿಮ್ಮನ್ನ ಕರೆದಿದ್ದೀನಿ. ಅವಳ ಮನಸ್ಸಿಗೆ ನೋವಾಗೋ ಹಾಗೆ ಏನೂ ಮಾಡಬೇಡಿ" ಎಂದು ಅತ್ತಿಗೆ ಮುಖಕ್ಕೆ ಹೊಡೆದಂತೆ ಹೇಳಿದರು.

ಹೆಂಡತಿ ನನ್ನನ್ನು ನೋಡಿ "ಸಾಕು" ಎಂದಾಗ ದನಿ ಕೇಳಬೇಕಂತೆ. ನನಗೆ ಪದವೇ ಕೇಳಿಸುತ್ತದೆ.

ಮಾರ್ಚ್ ೬, ಗುರುವಾರ

ಡಾಕ್ಟರಮ್ಮ ಇವತ್ತು ಗದರಿದರು. "ಎರಡು ಗಂಟೆ ಗೋಡೆ ನೋಡ್ತಾ ಕೂತಿರ್ತೀರಂತೆ. ಅವರ ಕಿವಿಗೆ ಮಾತು ಬೀಳಬೇಕು ಸರ್. ಏನಾದ್ರೂ ಮಾತಾಡಿ."

"ನನಗೆ ಮಾತಾಡೋಕೆ ಬರಲ್ಲ."

"ಓದೋಕೆ ಬರುತ್ತಲ್ಲ? ಓದಿ."

ನಮ್ಮಪ್ಪ ಹೇಳುತ್ತಿದ್ದುದು ಒಂದೇ ಗಾದೆ: ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮ ಮನೆಯಲ್ಲಿ ಅದನ್ನು ಎಲ್ಲರೂ ಎಷ್ಟು ನಂಬಿದ್ದರೆಂದರೆ ಮುತ್ತುಗಳೆಲ್ಲ ಬಾಯಲ್ಲೇ ಉಳಿದವು.

ಬಸ್ಸಿಗೆ ಕಾಯುವ ಜಾಗದ ಪಕ್ಕದ ಹಳೇ ಪುಸ್ತಕದ ಅಂಗಡಿಗೆ ಹೋದೆ. "ದಪ್ಪಗಿರೋದು ಒಂದು ಕೊಡಿ, ಬೇಗ ಮುಗೀಬಾರದು" ಎಂದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗಿನಿಂದ ರಟ್ಟು ಕಿತ್ತುಹೋದ ಒಂದು ಇಟ್ಟಿಗೆ ತಂದು ಕೊಟ್ಟ. ಸಣ್ಣಗೆ ನಕ್ಕ. ಯಾಕೆ ನಕ್ಕನೆಂದು ಆಸ್ಪತ್ರೆಗೆ ವಾಪಸ್ ಬಂದು ಪುಟ ತೆರೆದಾಗ ತಿಳಿಯಿತು. ಅದು ಆ ಹೆಸರಾಂತ ಸಾಹಸಿಯ ಆತ್ಮಕಥೆ. ಹೆಂಗಸರ ಹಿಂದೆ ಸುತ್ತುವವನು ಯಾರೇ ಇರಲಿ, ಜನ ಇವನ ಹೆಸರಿಟ್ಟೇ ಹಂಗಿಸುತ್ತಾರೆ. ಏಳು ರಾಜ್ಯ ಸುತ್ತಿದವನು, ಮೂರು ಸೆರೆಮನೆಯಿಂದ ತಪ್ಪಿಸಿಕೊಂಡವನು, ಲೆಕ್ಕವಿಲ್ಲದಷ್ಟು ಹೆಂಗಸರಿಗೆ ಮನಸ್ಸು ಕೊಟ್ಟು ಬೆನ್ನು ತಿರುಗಿಸಿದವನು.

ಇಂಥದ್ದನ್ನು ಹೆಂಡತಿಗೆ ಓದುವುದೇ? ಅದೂ ಈ ಹೆಂಡತಿಗೆ? ಆದರೆ ಕೈಯಲ್ಲಿದ್ದುದು ಅದೊಂದೇ. ಓದಿದೆ. ಮೊದಲ ಅಧ್ಯಾಯದಲ್ಲಿ ಅವನು ಕಣ್ಣಿನ ವೈದ್ಯನೆಂದು ಸುಳ್ಳು ಹೇಳಿಕೊಂಡು ಒಬ್ಬ ಸರದಾರನ ಮನೆ ಸೇರುತ್ತಾನೆ. ನನ್ನ ಓದು ಬಿಡಿಭಾಗಗಳ ಪಟ್ಟಿ ಓದಿದ ಹಾಗಿತ್ತು. ಅವಳು ಮೇಲ್ಛಾವಣಿ ನೋಡುತ್ತಿದ್ದಳು.

ಮಾರ್ಚ್ ೭, ಶುಕ್ರವಾರ

ಪಕ್ಕದ ಮಂಚದಲ್ಲಿ ಸೊಂಟದ ಮೂಳೆ ಮುರಿದ ಒಬ್ಬ ಅಜ್ಜಿ ಇದ್ದಾರೆ. ನಲವತ್ತು ವರ್ಷ ಪಾಠ ಹೇಳಿದವರು. ವಾರ್ಡಿನಲ್ಲಿ ಎಲ್ಲರೂ ಟೀಚರಮ್ಮ ಎನ್ನುತ್ತಾರೆ. ಇವತ್ತು ಓದು ಶುರುವಾಗುವ ಮೊದಲೇ ಕರೆದರು. "ನೋಡಿ, ಸ್ವಲ್ಪ ಈ ಕಡೆ ತಿರುಗಿ ಓದಿ. ನಿನ್ನೆ ಅರ್ಧ ನನಗೆ ಕೇಳಿಸ್ಲಿಲ್ಲ. ಆ ಸರದಾರನ ಸೊಸೆಗೆ ಕಣ್ಣು ವಾಸಿ ಆಯ್ತಾ?"

"ಅವಳಿಗೆ ಕಣ್ಣಿನ ತೊಂದರೆನೇ ಇರ್ಲಿಲ್ಲ."

"ಗೊತ್ತಿತ್ತು ನನಗೆ!" ಎಂದು ತೊಡೆ ತಟ್ಟಿಕೊಂಡು, ನೋವಾಗಿ, "ಅಯ್ಯಮ್ಮಾ" ಎಂದರು.

ಮಾರ್ಚ್ ೧೧, ಮಂಗಳವಾರ

ಮರ್ಯಾದೆ ಹೋಯಿತು.

ಆತ್ಮಕಥೆಯ ಆಸಾಮಿ ಒಂದು ಬೇಸಿಗೆಯಲ್ಲಿ ದ್ರಾಕ್ಷಿ ತೋಟದ ಒಡತಿಯ ಮನೆಯಲ್ಲಿ ಉಳಿಯುತ್ತಾನೆ. ಅವಳು ದೀಪ ಆರಿಸುತ್ತಾಳೆ. ಅಲ್ಲಿಂದ ಮುಂದೆ ಗಂಡಸರೇ ಇದ್ದರೂ ಗಟ್ಟಿಯಾಗಿ ಓದುವಂಥದ್ದಲ್ಲ. ನಾನು ಎರಡು ಹಾಳೆ ಸೇರಿಸಿ ತಿರುವಿ "ಮರುದಿನ ಬೆಳಿಗ್ಗೆ ನಾನು ಕುದುರೆ ಹತ್ತಿದೆ" ಎಂದು ಓದಿದೆ.

"ಎರಡು ಹಾಳೆ ಒಟ್ಟಿಗೆ ತಿರುವಿದ್ರಿ" ಎಂದರು ಟೀಚರಮ್ಮ. "ಪರೀಕ್ಷೆ ಕೋಣೆಯಲ್ಲಿ ನಲವತ್ತು ವರ್ಷ ಕಾವಲಿದ್ದೋಳು ನಾನು."

"ಅಂಟಿಕೊಂಡಿತ್ತು."

"ಅಂಟಿಕೊಂಡಿತ್ತಾ, ಅಂಟಿಸಿದ್ರಾ?"

ಆಗ ನನ್ನ ಹೆಂಡತಿಯ ಗಂಟಲಿನಿಂದ ಏನೋ ಸದ್ದು ಬಂತು. ಉಸಿರು ಸಿಕ್ಕಿಕೊಂಡಿತೆಂದು ಗಾಬರಿಯಾಗಿ ಎದ್ದು ನಿಂತೆ. ನಗುತ್ತಿದ್ದಳು. ಬಾಯಿಯ ಎಡಭಾಗ ಮಾತ್ರ ನಗುತ್ತಿತ್ತು, ಬಲಭಾಗ ಸುಮ್ಮನಿತ್ತು. ಅವಳು ನಕ್ಕದ್ದನ್ನು ಈ ಮೊದಲು ನೋಡಿದ್ದು ಯಾವಾಗ ಎಂದು ಯೋಚಿಸಿದೆ. ನೆನಪಾಗಲಿಲ್ಲ.

ಮಾರ್ಚ್ ೧೨, ಬುಧವಾರ

ಹೇಳಿದ್ದು: ಸಾಕು.
ಅರ್ಥವಾದದ್ದು: ಇನ್ನೂ ಬೇಕು ಅಂತ.

ಇವತ್ತು ಸೇತುವೆಯ ಮೇಲೆ ಕತ್ತಿ ಕಾಳಗ. ಆಸಾಮಿಯ ಕತ್ತಿ ಎದುರಾಳಿಯ ತೋಳಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇಬ್ಬರೂ ಸೇರಿ ಬಿಡಿಸಲು ಹೋಗಿ ಇಬ್ಬರೂ ನೀರಿಗೆ ಬೀಳುತ್ತಾರೆ. ಅಲ್ಲಿ ಅವಳು "ಸಾಕು" ಎಂದಳು. ಪುಸ್ತಕ ಮುಚ್ಚಿದೆ. ಅವಳ ಎಡಗೈ ಬಂದು ಪುಸ್ತಕದ ಮೇಲೆ ಪಟಪಟನೆ ಬಡಿಯಿತು. "ಸಾಕು, ಸಾಕು, ಸಾಕು!" ಕಣ್ಣಲ್ಲಿ ಸಿಟ್ಟು. ಮತ್ತೆ ತೆರೆದೆ. ಸುಮ್ಮನಾದಳು.

ಪದ ಬಿಡಿ, ದನಿ ಕೇಳಿ ಎಂದಿದ್ದು ಇದಕ್ಕೇ ಇರಬೇಕು. ಡಾಕ್ಟರಮ್ಮನಿಗೆ ಹೇಳಿದೆ. "ಇಪ್ಪತ್ತಾರು ವರ್ಷ ಜೊತೆಗಿದ್ದವರು ನೀವು, ನಿಮಗೆ ಗೊತ್ತಾಗದೆ ಇರುತ್ತಾ?" ಎಂದರು. ಅವರಿಗೇನು ಗೊತ್ತು.

ಮಾರ್ಚ್ ೧೫, ಶನಿವಾರ

ಈ ಮನುಷ್ಯನ ಮೇಲೆ ನನಗೆ ಸಿಟ್ಟು ಬರುತ್ತದೆ. ಹೆಂಗಸರನ್ನು ಒಲಿಸುವುದಕ್ಕೆ ಏನೋ ಮಂತ್ರ ಇಟ್ಟುಕೊಂಡಿದ್ದಾನೆ, ಹೊಗಳಿಕೆ, ಉಡುಗೊರೆ, ಕಣ್ಸನ್ನೆ ಅಂಥವು, ಎಂದು ತಿಳಿದಿದ್ದೆ. ಇವತ್ತು ಅವನೇ ಬರೆದುಕೊಂಡಿದ್ದಾನೆ: "ನಾನು ಯಾವ ಹೆಣ್ಣನ್ನೂ ಗೆಲ್ಲಲಿಲ್ಲ. ಆಕೆಯನ್ನು ಒಂದು ಪ್ರಶ್ನೆ ಕೇಳಿ, ಆಕೆ ಹೇಳಿ ಮುಗಿಸುವವರೆಗೆ ಕುಳಿತಿದ್ದೆ. ಆ ಊರಿನಲ್ಲಿ ಹಾಗೆ ಕುಳಿತವನು ನಾನೊಬ್ಬನೇ ಎಂದು ನನಗೆ ಆಮೇಲೆ ತಿಳಿಯಿತು."

ಓದುವಾಗ ನನ್ನ ದನಿ ಸ್ವಲ್ಪ ತಗ್ಗಿತು. ತಲೆ ಎತ್ತಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಾಳೆಂದು ಗೊತ್ತಿತ್ತು.

"ಕಳ್ಳ ಮುಂಡೇದು. ಆದ್ರೆ ಈ ಮಾತು ನಿಜ" ಎಂದರು ಟೀಚರಮ್ಮ.

ಬಸ್ಸಿನಲ್ಲಿ ಬರುತ್ತಾ ಅವನ ಜೊತೆ ವಾದ ಮಾಡಿದೆ. ಕೇಳಿದೆಯಪ್ಪಾ, ಕೇಳಿದ ಮೇಲೆ ಕುದುರೆ ಹತ್ತಿ ಹೋದೆಯಲ್ಲ? ನಾನು ಎಲ್ಲಿಗೂ ಹೋಗಲಿಲ್ಲ. ಇಪ್ಪತ್ತಾರು ವರ್ಷ ಅದೇ ಮನೆಗೆ, ಅದೇ ಹೊತ್ತಿಗೆ ಬಂದೆ.

ಆದರೆ ಹೋದವಳು ಅವಳು.

ಮಾರ್ಚ್ ೧೯, ಬುಧವಾರ

ಒಂಬತ್ತು ಮಹಡಿಯ ಕಟ್ಟಡದಲ್ಲಿ ಒಬ್ಬ ಹೆಂಗಸು ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಜೋರಾಗಿ ಅಳುತ್ತಿದ್ದರು. ಮೋಟಾರು ಕೋಣೆಗೆ ಕೆಲಸದ ಸಂಗಾತಿಯನ್ನು ಕಳಿಸಿ ನಾನು ಬಾಗಿಲ ಹೊರಗೆ ಕೂತೆ. ಯಾವ ಮಹಡಿಗೆ ಹೋಗ್ತಿದ್ರಿ ಎಂದು ಕೇಳಿದೆ. ಏಳಕ್ಕೆ, ಮಗಳಿಗೆ ಹಲ್ಲು ಬಂದಿದೆ, ತಂಗಿಗೆ ಫೋಟೋ ತೋರಿಸೋಣ ಅಂತ ಎಂದರು. ಎಷ್ಟನೇ ಹಲ್ಲು ಎಂದೆ. ಎರಡನೆಯದಂತೆ, ಮೊದಲನೆಯದು ಬಂದಾಗ ಮಗು ತನ್ನ ಬೆರಳನ್ನೇ ಕಚ್ಚಿಕೊಂಡು ಅತ್ತಿತಂತೆ. ಆ ಕಥೆ ಮುಗಿಯುವ ಹೊತ್ತಿಗೆ ಲಿಫ್ಟು ಇಳಿಯಿತು.

"ಏನಯ್ಯಾ, ಇವತ್ತು ಬಾಯಿ ಬಿಟ್ಟಿದ್ದೀಯಾ? ಮಳೆ ಬರುತ್ತೆ ನೋಡು" ಎಂದ ಸಂಗಾತಿ. ಸುಮ್ಮನೆ ಕೀಟಲೆ ಅವನಿಗೆ.

ಆಸ್ಪತ್ರೆಗೆ ಹತ್ತು ನಿಮಿಷ ತಡವಾಯಿತು. ಅವಳು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಸಾಮಾನ್ಯವಾಗಿ ಕಿಟಕಿಯ ಕಡೆ ಮಲಗುತ್ತಾಳೆ. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತೇನೋ.

ಮಾರ್ಚ್ ೨೩, ಭಾನುವಾರ

ಭಾನುವಾರ ಅತ್ತಿಗೆಗೆ ರಜೆ, ಇಡೀ ದಿನ ಅವರೇ ಇರುತ್ತಾರೆ. ನಾನು ಹೋಗುವಂತಿಲ್ಲ. ಭಾನುವಾರ ಇಷ್ಟು ಉದ್ದ ಇರುತ್ತದೆಂದು ಗೊತ್ತಿರಲಿಲ್ಲ.

ಮನೆ ಗುಡಿಸಿದೆ. ಮಂಚದ ಕೆಳಗೆ ಅವಳ ತಲೆಪಿನ್ನು ಒಂದು ಸಿಕ್ಕಿತು. ಕಪಾಟಿನಲ್ಲಿ ಅವಳು ಬಿಟ್ಟುಹೋದದ್ದು: ಬೂದು ಬಣ್ಣದ ಶಾಲು, ಒಂದು ಜೊತೆ ಚಪ್ಪಲಿ, ಬಸ್ಸುಗಳ ಹಳೆಯ ವೇಳಾಪಟ್ಟಿಗಳ ಕಟ್ಟು. ಹಳೆಯದನ್ನು ಯಾಕೆ ಇಟ್ಟುಕೊಂಡಿದ್ದಾಳೆ? ಕೇಳಿದ್ದರೆ ಹೇಳುತ್ತಿದ್ದಳು. ಈಗ ಕೇಳಿದರೆ "ಸಾಕು" ಎನ್ನುತ್ತಾಳೆ.

ಕೆಲಸದಿಂದ ಬಂದ ಮೇಲೆ ಅವಳು ಅಡುಗೆಮನೆಯಿಂದ ಮಾತಾಡುತ್ತಲೇ ಇರುತ್ತಿದ್ದಳು. ತಪ್ಪು ಬಸ್ಸು ಹತ್ತಿ ಮೂರು ಊರು ಸುತ್ತಿ ಬಂದ ಮುದುಕ, ಟಿಕೆಟ್ಟು ಕಳೆದುಕೊಂಡ ಮದುಮಗಳು. ನಾನು ರೇಡಿಯೋ ಹಾಕಿಕೊಂಡು ಕೂತಿರುತ್ತಿದ್ದೆ. ದನಿ ಬರುತ್ತಿತ್ತು, ಕೇಳುತ್ತಿರಲಿಲ್ಲ. ಕೊನೆಯ ವರ್ಷ ಅವಳು ಅಡುಗೆಮನೆಯಲ್ಲಿ ಮಾತು ನಿಲ್ಲಿಸಿದಳು. ಮನೆ ಎಷ್ಟು ನೆಮ್ಮದಿಯಾಗಿದೆ ಎಂದುಕೊಂಡೆ. ಹಾಗೆಯೇ ಅಂದುಕೊಂಡೆ, ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ?

ಮಧ್ಯಾಹ್ನ ಪುಸ್ತಕ ತೆಗೆದು ನಾಳೆಯ ಭಾಗವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದೆ. ಕೋಟೆಯ ಅಧಿಕಾರಿಯ ಹೆಂಡತಿಯ ಪ್ರಸಂಗ. ಮೂರು ಪುಟ ಬಿಡಬೇಕಾಗುತ್ತದೆ. ಬಿಟ್ಟರೆ ಟೀಚರಮ್ಮ ಹಿಡಿಯುತ್ತಾರೆ. ಆ ಜಾಗದಲ್ಲಿ ಬೇರೆ ಏನಾದರೂ ತುಂಬಬೇಕು.

ಮಾರ್ಚ್ ೨೪, ಸೋಮವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಕೋಟೆಯ ಅಧಿಕಾರಿ ಬೇಟೆಗೆ ಹೋದ, ಹೆಂಡತಿ ಕಿಟಕಿ ತೆರೆದಳು. ಅಲ್ಲಿಯವರೆಗೆ ಪುಸ್ತಕದಲ್ಲಿ ಇದ್ದಂತೆ ಓದಿದೆ. ಆಮೇಲೆ ಕಣ್ಣನ್ನು ಪುಟದ ಮೇಲೆಯೇ ಇಟ್ಟುಕೊಂಡು ಹೇಳಿದೆ:

"ಆ ಸಂಜೆ ನಾನು ಊರಿನ ಗಾಡಿ ನಿಲ್ದಾಣಕ್ಕೆ ಹೋದೆ. ಕಿಟಕಿಯ ಹಿಂದೆ ಒಬ್ಬ ಹುಡುಗಿ ಕುಳಿತಿದ್ದಳು. ನೀಲಿ ಅಂಗಿ. ಕಿವಿಯ ಮೇಲೆ ಪೆನ್ಸಿಲ್ಲು. ಕೊನೆಯ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಹೇಳಿದಳು. ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಅದನ್ನೇ ಕೇಳಿದೆ. ಬೇಸರವಿಲ್ಲದೆ ಮತ್ತೆ ಹೇಳಿದಳು. ಮೂರನೇ ಸಲ ಹೋದಾಗ ಪೆನ್ಸಿಲ್ಲು ತೆಗೆದು ಚೀಟಿಯಲ್ಲಿ ಬರೆದು ಕೊಟ್ಟಳು. ನನಗೆ ಆ ಗಾಡಿ ಬೇಕಿರಲಿಲ್ಲ. ನನಗೆ ಎಲ್ಲಿಗೂ ಹೋಗುವುದಿರಲಿಲ್ಲ."

"ಆ ಕಾಲದಲ್ಲಿ ಕಿವಿ ಮೇಲೆ ಪೆನ್ಸಿಲ್ ಇಟ್ಕೋತಿದ್ರೇನ್ರೀ?" ಎಂದರು ಟೀಚರಮ್ಮ.

"ಇಟ್ಕೋತಿದ್ದಿರಬೇಕು. ಬರೆದಿದೆಯಲ್ಲ."

"ಅಧಿಕಾರಿ ಹೆಂಡತಿ ಕಿಟಕಿ ತೆರೆದುಕೊಂಡು ನಿಂತಿದ್ದಾಳೆ, ಅವಳ ಕಥೆ ಏನು?"

"ಅವಳು... ತವರಿಗೆ ಹೋದ್ಲು."

ಟೀಚರಮ್ಮ ನನ್ನನ್ನು ನೋಡಿದರು. ನನ್ನ ಹೆಂಡತಿಯನ್ನು ನೋಡಿದರು. ಏನನ್ನಿಸಿತೋ, "ನನಗೆ ನಿದ್ದೆ ಬರ್ತಿದೆ" ಎಂದು ಆ ಕಡೆ ಮಗ್ಗುಲಾದರು.

ಹೆಂಡತಿ ತಲೆದಿಂಬಿನಿಂದ ತಲೆ ಎತ್ತಿದ್ದಳು. ತುಟಿ ಅಲುಗಾಡುತ್ತಿತ್ತು. "ಸಾ..." ಎಂದಳು. ಅದಲ್ಲವೆಂದು ತಲೆಯಾಡಿಸಿದಳು. ಎಡಗೈಯಿಂದ ಹೊದಿಕೆಯನ್ನು ಹಿಡಿದುಕೊಂಡಳು. ಹಣೆಯಲ್ಲಿ ಬೆವರು. ತುಕ್ಕು ಹಿಡಿದ ಬೋಲ್ಟನ್ನು ತಿರುಗಿಸುವಾಗ ನನಗೆ ಬರುವಂಥ ಬೆವರು.

"ಏ... ಏಳು... ಏಳೂವರೆ" ಎಂದಳು.

ಏಳೂವರೆ. ಆ ಸಂಜೆ ಮೂರು ಸಲವೂ ಅವಳು ಕೊಟ್ಟ ಉತ್ತರ ಅದೇ. ಗಾಡಿ ಎಷ್ಟು ಹೊತ್ತಿಗೆ ಎಂದು ನಾನು ಓದಿರಲೇ ಇಲ್ಲ.

ಅವಳ ಮನೆಗೆ ಮದುವೆಯ ಮಾತಾಡಲು ಹೋಗುವುದಕ್ಕೆ ಒಂದು ವಾರ ಮುಂಚೆ ಹುಡುಗಿಯನ್ನು ದೂರದಿಂದ ನೋಡಿ ಬರೋಣವೆಂದು ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ. ದಿನಕ್ಕೆ ಸಾವಿರ ಜನ ಕೇಳುವ ಕಿಟಕಿ, ಒಬ್ಬ ಮೂರು ಸಲ ಕೇಳಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವಳು ನೆನಪಿಟ್ಟುಕೊಂಡಿದ್ದಳು. ನಾನು ಹೇಳಲಿ ಎಂದು ಕಾದಿದ್ದಳೇ? ಎಷ್ಟು ವರ್ಷ?

ಮುಂದೆ ಓದಲಾಗಲಿಲ್ಲ. ಅಕ್ಷರ ಕಾಣಿಸುತ್ತಿರಲಿಲ್ಲ. ಕನ್ನಡಕ ಬದಲಿಸಬೇಕು. ಆರು ಗಂಟೆಯವರೆಗೆ ಪುಸ್ತಕ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಅವಳು ಗಡಿಯಾರ ನೋಡುತ್ತಾ ಎರಡು ಸಲ "ಏಳೂವರೆ" ಎಂದಳು, ಕೈಗೆ ಸಿಕ್ಕ ವಸ್ತುವನ್ನು ತಿರುವಿ ನೋಡಿದ ಹಾಗೆ.

ಮಾರ್ಚ್ ೨೮, ಶುಕ್ರವಾರ

ಹೇಳಿದ್ದು: ನೀರು. ಅಕ್ಕ. ಬಸ್ಸು. ಬೇಡ. ಕಳ್ಳ. (ಕೊನೆಯದು ಆತ್ಮಕಥೆಯ ಆಸಾಮಿಗೆ.)

ಡಾಕ್ಟರಮ್ಮ ಚೀಟಿಯನ್ನು ವಾರ್ಡಿನಲ್ಲೆಲ್ಲ ತೋರಿಸಿಕೊಂಡು ಬಂದರು. ಅತ್ತಿಗೆ ಬೇಗ ಬಂದರು ಇವತ್ತು. ಬಾಗಿಲಲ್ಲಿ ನಿಂತು ಐದು ನಿಮಿಷ ನಾನು ಓದುವುದನ್ನು ಕೇಳಿದರು. ಹೊರಗೆ ಬಂದ ಮೇಲೆ "ಎಂಥ ಪುಸ್ತಕ ಅದು?" ಎಂದು ಕೇಳಿದರು. ಹೇಳಿದೆ. "ನಿಮಗೆ ನಾಚಿಕೆ ಆಗಲ್ವಾ?" ಎಂದರು. ಆಗುತ್ತೆ ಎಂದೆ. ಅವರ ಮುಖ ಸ್ವಲ್ಪ ಸಡಿಲವಾಯಿತು, ಅಥವಾ ನನಗೆ ಹಾಗೆ ಕಂಡಿತು.

ಇನ್ನು ಅರವತ್ತು ಪುಟ ಉಳಿದಿವೆ. ಮುಂದಿನ ವಾರ ಮನೆಗೆ ಕಳಿಸಬಹುದು ಎಂದಿದ್ದಾರೆ. ಇವತ್ತು ನಿಧಾನವಾಗಿ ಓದಿದೆ. ನಡುವೆ ಎರಡು ಸಲ ನೀರು ಕುಡಿದೆ. ಟೀಚರಮ್ಮ "ಎತ್ತಿನ ಗಾಡಿ ಆಯ್ತಲ್ಲ ನಿಮ್ಮ ಓದು" ಎಂದರು.

ಮನೆಯಲ್ಲಿ ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಹಿಡಿ ಹಾಕಿದೆ. ಮಂಚದ ಕಾಲು ಎರಡು ಇಂಚು ಕತ್ತರಿಸಿದೆ. ಹೊಸ್ತಿಲಿಗೆ ಹಲಗೆಯ ಇಳಿಜಾರು ಮಾಡಿದೆ. ಅಂಚು ಉಜ್ಜಿ ನುಣುಪು ಮಾಡಿದೆ, ಕಾಲಿಗೆ ತಾಗಬಾರದು.

ಮಾರ್ಚ್ ೩೧, ಸೋಮವಾರ

ಟೀಚರಮ್ಮ ಮನೆಗೆ ಹೋದರು. ಹೋಗುವ ಮುಂಚೆ ಗಾಲಿ ಕುರ್ಚಿಯನ್ನು ನಮ್ಮ ಮಂಚದ ಹತ್ತಿರ ತರಿಸಿಕೊಂಡರು. "ಜೀವಮಾನ ಎಲ್ಲ ನಾನೇ ಇನ್ನೊಬ್ಬರಿಗೆ ಓದಿ ಹೇಳಿದ್ದು. ನನಗೆ ಯಾರೂ ಓದಿರ್ಲಿಲ್ಲ" ಎಂದರು. ಆಮೇಲೆ ನನ್ನ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ನನ್ನನ್ನು ನೋಡಿ ನಕ್ಕರು. ಏನೆಂದು ಕೇಳಿದೆ. ಹೇಳಲಿಲ್ಲ.

ಏಪ್ರಿಲ್ ೨, ಬುಧವಾರ

ಇವತ್ತು ಬಿಟ್ಟರು. ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ, ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಅವಳ ಶಾಲನ್ನೂ ಒಯ್ದೆ.

ಅತ್ತಿಗೆ ಮಂಚದ ಅಂಚಿನಲ್ಲಿ ಕೂತು ಕೇಳಿದರು: "ಪುಟ್ಟೀ, ನೋಡು, ನಿನ್ನ ಇಷ್ಟ. ನಾನು ಒತ್ತಾಯ ಮಾಡಲ್ಲ. ಇವರೂ ಬಂದಿದ್ದಾರೆ. ಎಲ್ಲಿಗೆ ಹೋಗೋಣ?"

ಅವಳು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. "ಅಕ್ಕ" ಎಂದಳು.

ಕೇಳಿಸಲಿಲ್ಲವೇನೋ ಎನ್ನುವಂತೆ ಅತ್ತಿಗೆ ಇನ್ನೊಮ್ಮೆ ಕೇಳಿದರು. "ಅಕ್ಕನ ಮನೆ" ಎಂದಳು. ಎರಡು ಪದ ಒಟ್ಟಿಗೆ ಹೇಳಿದ್ದು ಅದೇ ಮೊದಲು. ಚೀಟಿಯಲ್ಲಿ ಬರೆದುಕೊಳ್ಳಬೇಕಾದದ್ದು.

ಪೆಟ್ಟಿಗೆ ನಾನೇ ಹೊತ್ತೆ. ಲಿಫ್ಟಿನಲ್ಲಿ ಮೂವರೂ ಇಳಿದೆವು. ಹಗ್ಗದ ಸದ್ದಿನಲ್ಲಿ ಸಣ್ಣ ಎಳೆತವಿತ್ತು, ಎಣ್ಣೆ ಬೇಕು ಅದಕ್ಕೆ. ಕಾರಿನ ಬಾಗಿಲು ಹಾಕುವ ಮೊದಲು ಬಗ್ಗಿ ಅವಳನ್ನು ಕೇಳಿದೆ: "ನಾನು ಬರಬಹುದಾ? ನೋಡೋಕೆ?"

ಅತ್ತಿಗೆ ಬೇರೆ ಕಡೆ ತಿರುಗಿಕೊಂಡರು. ಅವಳು ಉತ್ತರಕ್ಕಾಗಿ ಹುಡುಕಿದಳು. ನಾನು ಕಾದೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ, ಕಾದೆ.

"ಪುಸ್ತಕ" ಎಂದಳು.

ಏಪ್ರಿಲ್ ೩, ಗುರುವಾರ

ಹೋಗಿ ಓದಿ ಬಂದೆ. ಅತ್ತಿಗೆಯ ತರಗತಿ ಪಕ್ಕದ ಕೋಣೆಯಲ್ಲೇ ನಡೆಯುತ್ತದೆ. ನಾನು ಓದಲು ಶುರುಮಾಡಿದ ಮೇಲೆ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

ಬರುವಾಗ ದಾರಿ ತಪ್ಪಿ ಹಿಂದಿನ ಬೀದಿಗೆ ಹೋದೆ. ಅಲ್ಲಿಂದ ಅವಳ ಕೋಣೆಯ ಕಿಟಕಿ ಕಾಣಿಸುತ್ತದೆ.

ಏಪ್ರಿಲ್ ೬, ಭಾನುವಾರ

ಭಾನುವಾರ ಬರಬೇಡಿ ಎಂದು ಈ ಸಲ ಯಾರೂ ಹೇಳಲಿಲ್ಲ, ಹೋದೆ. ಪುಸ್ತಕ ಮುಗಿಯಿತು. ನಿಧಾನ ಮಾಡಿದರೂ ಮುಗಿಯಿತು.

ಕೊನೆಯ ಅಧ್ಯಾಯದಲ್ಲಿ ಆಸಾಮಿಗೆ ಎಪ್ಪತ್ತಾಗಿದೆ. ಹಲ್ಲು ಹೋಗಿವೆ, ಕುದುರೆ ಲಾಯದ ಮೇಲಿನ ಬಾಡಿಗೆ ಕೋಣೆಯಲ್ಲಿ ಇದ್ದಾನೆ. ದಿನಕ್ಕೊಮ್ಮೆ ರೊಟ್ಟಿ ತಂದುಕೊಡುವ ಮುದುಕಿಗೆ ಅವನು ಯಾರೆಂದೇ ಗೊತ್ತಿಲ್ಲ. ಅವನು ಬರೆಯುತ್ತಾನೆ: "ಒಂದು ಕಾಲದಲ್ಲಿ ನನಗೆ ತೆರೆಯದ ಬಾಗಿಲಿರಲಿಲ್ಲ. ಈಗ ನನ್ನ ಬಾಗಿಲನ್ನು ಯಾರಾದರೂ ತಟ್ಟಲಿ ಎಂದು ಕುಳಿತಿದ್ದೇನೆ. ಅವರೆಲ್ಲರ ಕಥೆ ನನಗೆ ಗೊತ್ತು. ನನ್ನದನ್ನು ಯಾರೂ ಕೇಳಲಿಲ್ಲ, ಅದಕ್ಕೇ ಬರೆದೆ."

ಅವಳು ಅತ್ತಳು. "ಪಾಪ" ಎಂದಳು. ಇಷ್ಟು ದಿನ ಬೈದವಳು.

ನಾನು ಪುಸ್ತಕ ಮುಚ್ಚಿದೆ. ಆಮೇಲೆ "ಬರ್ತೀನಿ" ಎಂದು ಎದ್ದು ಬಂದೆ.

ಏಪ್ರಿಲ್ ೭, ಸೋಮವಾರ

ಪುಸ್ತಕದ ಅಂಗಡಿಗೆ ಹೋದೆ. ಇನ್ನೊಂದು ದಪ್ಪದ್ದು ಇದೆಯೇ ಎಂದೆ. ರಾಶಿ ತೋರಿಸಿದ. ಅರ್ಧ ಗಂಟೆ ಕೆದಕಿದೆ. ಯಾವುದನ್ನೂ ಕೊಳ್ಳಲಿಲ್ಲ. ಅತ್ತಿಗೆ ಮನೆಗೂ ಹೋಗಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಹೇಗೆ ಹೋಗುವುದು?

ರೇಡಿಯೋ ಹಾಕಿದೆ. ಆರಿಸಿದೆ.

ಏಪ್ರಿಲ್ ೮, ಮಂಗಳವಾರ

ಮೂರೂವರೆಗೆ ಕೆಲಸ ಬಿಟ್ಟೆ. ಕೈಯ ಗ್ರೀಸು ಹೋಗುವವರೆಗೆ ತೊಳೆದೆ. ಆ ಬೀದಿಯ ಮೂಲೆಯವರೆಗೆ ಹೋಗಿ ಎರಡು ಸಲ ಹಿಂದೆ ಬಂದೆ. ಐವತ್ತನಾಲ್ಕು ವರ್ಷದವನು ಹೀಗೆ ಮಾಡಿದರೆ ಜನ ನೋಡುತ್ತಾರೆ. ಒಬ್ಬ ನೋಡಿಯೇಬಿಟ್ಟ, ಯಾರ ಮನೆ ಬೇಕಿತ್ತು ಎಂದು ಕೇಳಿದ. ಹೇಳಲೇಬೇಕಾಯಿತು. ಬಾಗಿಲವರೆಗೆ ಕರೆದುಕೊಂಡು ಬಂದು ಗಂಟೆಯನ್ನೂ ಅವನೇ ಒತ್ತಿ ಹೋದ.

ಅತ್ತಿಗೆ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಾಗಿಲು ತೆಗೆದರು. ನನ್ನ ಕೈ ನೋಡಿದರು. "ಪುಸ್ತಕ ಎಲ್ಲಿ?"

"ಮುಗೀತು."

"ಮತ್ತೆ?"

"ಅವಳನ್ನ ನೋಡೋಕೆ ಬಂದೆ."

ಅತ್ತಿಗೆ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದರು. "ನಿನ್ನೆ ನಾಲ್ಕು ಗಂಟೆಯಿಂದ ಅವಳು ಕುರ್ಚಿ ಬಿಟ್ಟು ಏಳ್ಲಿಲ್ಲ. ಬರೋದಾದ್ರೆ ದಿನಾ ಬನ್ನಿ. ಇಲ್ಲಾಂದ್ರೆ ಇವತ್ತೇ ವಾಪಸ್ ಹೋಗಿ" ಎಂದರು.

"ದಿನಾ ಬರ್ತೀನಿ ಅತ್ತಿಗೆ."

ಪಕ್ಕಕ್ಕೆ ಸರಿದರು.

ಅವಳು ಕಿಟಕಿಯ ಹತ್ತಿರ ಕೂತಿದ್ದಳು. ಎದುರಿಗೆ ಇನ್ನೊಂದು ಕುರ್ಚಿ ಇತ್ತು, ಕೂತೆ. ಮಡಿಲಲ್ಲಿ ಏನೂ ಇಲ್ಲದೆ ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಮೊಣಕಾಲ ಮೇಲೆ ಇಟ್ಟುಕೊಂಡೆ.

"ಊಟ ಆಯ್ತಾ?" ಎಂದು ಕೇಳಿದೆ.

ತಲೆಯಾಡಿಸಿದಳು. ಇನ್ನೂ ಏನೋ ಇದೆ ಎನ್ನುವಂತೆ ನೋಡಿದಳು.

"ಇವತ್ತು ಏನೇನಾಯ್ತು?"

ಹೇಳಿದಳು. ಮುಕ್ಕಾಲು ಗಂಟೆ ಹಿಡಿಯಿತು. "ಬೆಕ್ಕು" ಎಂದಳು. "ಗೋಡೆ" ಎಂದಳು. ಮುಂದಿನದು ಸಿಗಲಿಲ್ಲ, ಎಡಗೈಯಿಂದ ರೆಕ್ಕೆ ಬಡಿದು ತೋರಿಸಿದಳು. ಹಕ್ಕಿ ಎಂದು ನಾನು ಹೇಳಿಕೊಡಲು ಹೋದೆ, ಬೇಡ ಎಂದು ಕಣ್ಣಿನಲ್ಲೇ ತಡೆದಳು. ನಾನು ಬಾಯಿ ಮುಚ್ಚಿ ಕೂತೆ. ಕೊನೆಗೆ ಅವಳೇ "ಹಕ್ಕಿ" ಎಂದಳು. ಪಕ್ಕದ ಮನೆಯ ಬೆಕ್ಕು ಗೋಡೆಯ ಮೇಲಿನಿಂದ ಹಕ್ಕಿಗೆ ಹಾರಿ, ಗುರಿ ತಪ್ಪಿ, ಬಟ್ಟೆ ನೆನೆಹಾಕಿದ್ದ ತೊಟ್ಟಿಗೆ ಬಿತ್ತಂತೆ. ಮೇಲೆದ್ದು, ಯಾರೂ ನೋಡಲಿಲ್ಲ ಎನ್ನುವಂತೆ ನಡೆದುಹೋಯಿತಂತೆ. ಹೇಗೆ ನಡೆಯಿತು ಎಂದು ಕೇಳಿದೆ. ಅವಳು ಗದ್ದ ಎತ್ತಿ, ಭುಜ ಅಲ್ಲಾಡಿಸಿ, ಕೂತಲ್ಲೇ ನಡೆದು ತೋರಿಸಿದಳು. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಯಂತ್ರಗಳು ನಿಂತವು.

ಆರು ಗಂಟೆಯಾಯಿತು. ನಾನು ಎದ್ದಾಗ ಅವಳೂ ಎದ್ದಳು. ಊರುಗೋಲು ಹಿಡಿದು ಬಾಗಿಲವರೆಗೆ ಬಂದಳು, ಹದಿನಾರು ಹೆಜ್ಜೆ. ಚೌಕಟ್ಟಿಗೆ ಒರಗಿ ಉಸಿರು ತೆಗೆದುಕೊಂಡಳು.

"ನಾಳೆ?" ಎಂದಳು.

ಕೇಳಿದ್ದು. ಕೊನೆಯಲ್ಲಿ ದನಿ ಏರಿತ್ತು.

ಬ್ಯಾಂಕಿನ ಕಟ್ಟಡದಲ್ಲಿ ನಾಳೆ ಲಿಫ್ಟಿನ ಹಗ್ಗ ಬದಲಿಸುವ ಕೆಲಸವಿದೆ, ಇಡೀ ದಿನದ್ದು. ಬರುವಾಗ ಸಂಗಾತಿಯ ಮನೆಗೆ ಹೋಗಿ, ಬೆಳಿಗ್ಗೆ ಐದಕ್ಕೇ ಶುರುಮಾಡೋಣ ಎಂದು ಹೇಳಿದೆ. ಯಾಕಯ್ಯಾ ಇಷ್ಟು ಅವಸರ ಎಂದ. ನಾಲ್ಕು ಗಂಟೆಗೆ ನಾನು ಒಂದು ಕಡೆ ಇರಬೇಕು ಎಂದೆ. ಎಲ್ಲಿ, ಯಾರು, ಏನು ಎಂದು ಕೇಳಿದ. ಕೂತುಕೋ, ಹೇಳುತ್ತೇನೆ ಎಂದೆ.